ಎಂ8 ವಾಷರ್ ಇಟ್ಟುಕೊಂಡು ಪ್ರೊಗ್ರೆಸಿವ್ ಟೂಲ್: ಪ್ರೆಸ್ ಆರಿಸುವುದು, ಸೆಟ್ ಮಾಡುವುದು

ತುಮಕೂರಿನ ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರದ ಶೆಡ್ಡುಗಳಲ್ಲಿ ಅಪ್ರೆಂಟಿಸ್ ಆಗಿ ಸೇರಿದವರಿಗೆ ಈ ಟಿಪ್ಪಣಿ. ಪ್ರೊಗ್ರೆಸಿವ್ ಟೂಲ್‌ನಲ್ಲಿ ಶೀಟ್ ಪಟ್ಟಿ ಒಂದೊಂದು ಪಿಚ್ (ಒಂದು ಹೆಜ್ಜೆಯ ದೂರ) ಮುಂದೆ ಸರಿಯುತ್ತದೆ, ಪ್ರೆಸ್ ಇಳಿದೇಳುವ ಪ್ರತಿ ಸ್ಟ್ರೋಕಿಗೂ ಎಲ್ಲ ಸ್ಟೇಷನ್ನುಗಳೂ (ಒಂದೊಂದು ಕೆಲಸದ ಜಾಗಗಳು) ಒಟ್ಟಿಗೆ ಕೆಲಸ ಮಾಡುತ್ತವೆ. ಇಲ್ಲಿ ಬರುವ ತೊಂದರೆಗಳಲ್ಲಿ ಬಹುಪಾಲು ಪಟ್ಟಿ ನಿಲ್ಲಬೇಕಾದ ಕಡೆ ನಿಲ್ಲದೆ ಬಂದವು. ಮೇಲಿನಿಂದ ಇಳಿದು ಕತ್ತರಿಸುವ ಪಂಚ್ ಮುರಿದಾಗ ಸ್ಟೀಲನ್ನು ಬೈಯುವ ಮೊದಲು ಪಟ್ಟಿಯನ್ನು ನೋಡಿ.

ಉದಾಹರಣೆಗೆ ಎಂ8 ವಾಷರ್ (8 ಮಿ.ಮೀ. ಬೋಲ್ಟಿಗೆ ಹಾಕುವುದು): ಹೊರವ್ಯಾಸ 16 ಮಿ.ಮೀ., ಒಳವ್ಯಾಸ 8.4, ದಪ್ಪ 1.6, ಮೈಲ್ಡ್ ಸ್ಟೀಲ್. ಎರಡು ವಾಷರ್ ನಡುವೆ 2 ಮಿ.ಮೀ. ಬಿಟ್ಟರೆ ಪಿಚ್ 18. ಎರಡೂ ಅಂಚಿಗೆ ತಲಾ 2 ಮಿ.ಮೀ., ಸೈಡ್ ಕಟರ್ (ಪಟ್ಟಿಯ ಅಂಚಿನಲ್ಲಿ ಒಂದು ಪಿಚ್ ಉದ್ದ ಕತ್ತರಿಸಿ, ಪಟ್ಟಿ ಅಷ್ಟೇ ಸರಿದು ಸ್ಟಾಪ್‌ಗೆ ತಾಗಿ ನಿಲ್ಲುವಂತೆ ಮಾಡುವ ಪಂಚ್) ಕತ್ತರಿಸಲು 1.5 ಸೇರಿಸಿದರೆ ಪಟ್ಟಿಯ ಅಗಲ 21.5. ಒಂದು ಪಿಚ್‌ಗೆ ಹೋಗುವ ಶೀಟ್ 387 ಚದರ ಮಿ.ಮೀ., ವಾಷರ್ ಆಗುವುದು ಸುಮಾರು 146. ಅಂದರೆ ನೂರಕ್ಕೆ ಅರವತ್ತು ಭಾಗ ಗುಜರಿಗೆ. ವಾಷರ್ ಕೆಲಸ ಎಷ್ಟು ದುಬಾರಿ ಎಂದು ಇಲ್ಲೇ ಗೊತ್ತಾಗುತ್ತದೆ.

ಎಷ್ಟು ಟನ್ ಪ್ರೆಸ್ ಬೇಕು? ಕತ್ತರಿಸುವ ಗೆರೆಯ ಒಟ್ಟು ಉದ್ದ × ದಪ್ಪ × ಶಿಯರ್ ಸ್ಟ್ರೆಂಗ್ತ್ (ಕತ್ತರಿಸುವುದಕ್ಕೆ ಲೋಹ ತೋರುವ ತಡೆ). ಎರಡು ವೃತ್ತಗಳ ಸುತ್ತಳತೆ ಸೇರಿ 76.7 ಮಿ.ಮೀ. ಶಿಯರ್ ಸ್ಟ್ರೆಂಗ್ತ್ ಚದರ ಮಿ.ಮೀ.ಗೆ 350 ನ್ಯೂಟನ್ ಎಂದು ಹಿಡಿದರೆ ಸುಮಾರು 43 ಕಿಲೋನ್ಯೂಟನ್. ಪರೀಕ್ಷೆಯಲ್ಲಿ ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ ಅಂಕ ಕಳೆದುಕೊಳ್ಳುತ್ತಾರೆ. ಸೈಡ್ ಕಟರ್ ಕೂಡ ಕತ್ತರಿಸುತ್ತದಲ್ಲ: 18 + 1.5 = 19.5 ಮಿ.ಮೀ. ಗೆರೆ, ಇನ್ನೊಂದು 11 ಕಿಲೋನ್ಯೂಟನ್. ಒಟ್ಟು 54, ಅಂದರೆ 5.5 ಟನ್. ಪಂಚ್‌ನಿಂದ ಪಟ್ಟಿ ಬಿಡಿಸುವ ಬಲಕ್ಕೆ 10ರಿಂದ 15 ಶೇಕಡಾ ಸೇರಿಸಿದರೆ ಆರು ಟನ್ ದಾಟುತ್ತದೆ. ಪ್ರೆಸ್ಸನ್ನು ಅದರ ಶಕ್ತಿಯ 70 ಶೇಕಡಾಕ್ಕಿಂತ ಹೆಚ್ಚು ದುಡಿಸಬಾರದು ಎಂದಿಟ್ಟುಕೊಂಡರೆ 10 ಟನ್ ಸಾಕು. ಆದರೆ ಡೈ ಸೆಟ್ (ಪಂಚ್ ಮತ್ತು ಅದು ಇಳಿಯುವ ತೂತಿರುವ ಡೈ, ಎರಡನ್ನೂ ಹಿಡಿದ ಜೋಡಿ ಪ್ಲೇಟು) ಬೋಲ್ಸ್ಟರ್ (ಪ್ರೆಸ್ಸಿನ ಮೇಜು) ಮೇಲೆ ಕೂರಬೇಕು, ಕ್ಲ್ಯಾಂಪಿಗೆ ಜಾಗ ಉಳಿಯಬೇಕು. ಅದಕ್ಕೇ ಎಷ್ಟೋ ಶೆಡ್ಡುಗಳಲ್ಲಿ ಇಂಥ ಟೂಲ್ 20 ಟನ್ ಪ್ರೆಸ್ ಮೇಲೆ ಓಡುತ್ತದೆ. ಪ್ರೆಸ್ ಮೇಲೆ ಬರೆದ ಟನ್ ಸ್ಟ್ರೋಕಿನ ಕೊನೆಯ ಕೆಲವೇ ಮಿ.ಮೀ.ನಲ್ಲಿ ಸಿಗುವಂಥದ್ದು, ಮಧ್ಯದಲ್ಲಿ ಅಷ್ಟು ಸಿಗುವುದಿಲ್ಲ ಎನ್ನುವುದೂ ನೆನಪಿರಲಿ.

ಹಳೆಯ ಪ್ರೆಸ್ ಕೊಳ್ಳುವಾಗ ಟನ್‌ಗಿಂತ ಮೊದಲು ಕ್ಲಚ್ ನೋಡಿ. ಪಿನ್ ಕ್ಲಚ್ (ತಿರುಗುವ ಭಾರದ ಚಕ್ರವಾದ ಫ್ಲೈವೀಲನ್ನು ಪಿನ್ ಮೂಲಕ ಶಾಫ್ಟಿಗೆ ಸೇರಿಸುವುದು) ಒಮ್ಮೆ ಹಿಡಿದರೆ ಪೂರ್ತಿ ಒಂದು ಸುತ್ತು ಮುಗಿಯುವವರೆಗೆ ಬಿಡುವುದಿಲ್ಲ. ಅದಕ್ಕೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸಲು ಹಾಕುವ ಬೆಳಕಿನ ಪರದೆ) ಹಾಕಿದರೂ ಪಂಚನ್ನು ಹೊತ್ತು ಇಳಿದೇಳುವ ರ್‍ಯಾಮ್ ನಡುವೆ ನಿಲ್ಲದು. ದುಡ್ಡು ದಂಡ, ಕೈಗೂ ರಕ್ಷಣೆಯಿಲ್ಲ. ಬ್ರೇಕ್ ಲೈನಿಂಗ್ ಸವೆದಿದ್ದರೆ ಅಥವಾ ಲ್ಯಾಚ್ ಸ್ಪ್ರಿಂಗ್ ಸೋತಿದ್ದರೆ ಪೆಡಲ್ ಬಿಟ್ಟ ಮೇಲೂ ರ್‍ಯಾಮ್ ಇನ್ನೊಂದು ಸಲ ಇಳಿಯುತ್ತದೆ. ಪಿನ್ ಕ್ಲಚ್ ಪ್ರೆಸ್ಸಿಗೆ ಪಟ್ಟಿಯಷ್ಟೇ ತೂರುವ ಕಿಂಡಿಯಿರುವ ಸ್ಥಿರ ಗಾರ್ಡ್ ಬೇಕೇ ಬೇಕು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಅಪಾಯಕಾರಿ ಭಾಗಗಳಿಗೆ ಬೇಲಿ ಹಾಕಬೇಕೆಂದೇ ಹೇಳುತ್ತಿತ್ತು. ಸಿ-ಫ್ರೇಮ್ (ಮುಂದೆ ತೆರೆದ, ಸಿ ಆಕಾರದ) ಪ್ರೆಸ್ಸಿನ ಬಾಯಿ ಭಾರ ಬಿದ್ದಾಗ ಕೂದಲೆಳೆಯಷ್ಟು ತೆರೆದುಕೊಳ್ಳುತ್ತದೆ, ಆಗ ಪಂಚ್ ಓರೆಯಾಗಿ ಇಳಿಯುತ್ತದೆ. ಟನ್‌ನಲ್ಲಿ ಧಾರಾಳವಾಗಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಟೂಲ್ ಒಳಗೆ: 8.4ರ ತೂತಿನ ಪಕ್ಕದಲ್ಲೇ, 18 ಮಿ.ಮೀ. ದೂರದಲ್ಲಿ 16ರ ಡೈ ತೂತು ಇಟ್ಟರೆ ನಡುವೆ ಉಳಿಯುವ ಗೋಡೆ ಬರೀ 5.8 ಮಿ.ಮೀ. ಹೀಟ್ ಟ್ರೀಟ್‌ಮೆಂಟಿನಲ್ಲೋ ಓಡುವಾಗಲೋ ಅಲ್ಲೇ ಬಿರುಕು ಬಿಡುತ್ತದೆ. ಅದಕ್ಕೆ ಮಧ್ಯೆ ಒಂದು ಖಾಲಿ ಸ್ಟೇಷನ್ ಬಿಡಿ, ಗೋಡೆ 23.8 ಆಗುತ್ತದೆ. ಕ್ಲಿಯರೆನ್ಸ್ (ಪಂಚ್, ಡೈ ನಡುವಿನ ಸಂದು) ಒಂದು ಬದಿಗೆ ದಪ್ಪದ 5 ಶೇಕಡಾ, ಅಂದರೆ 0.08. ತೂತಿನ ಅಳತೆ ಪಂಚ್‌ಗೆ ಸೇರಿದ್ದು: ಪಂಚ್ 8.4, ಡೈ 8.56. ಹೊರವ್ಯಾಸ ಡೈಗೆ ಸೇರಿದ್ದು: ಡೈ 16, ಪಂಚ್ 15.84. ಇದನ್ನು ತಿರುವು ಮುರುವು ಮಾಡಿದರೆ ಇಡೀ ಬ್ಯಾಚ್ ರಿಜೆಕ್ಟ್. ಹೊರವೃತ್ತ ಕತ್ತರಿಸುವ ಬ್ಲ್ಯಾಂಕಿಂಗ್ ಪಂಚ್‌ನ ಮೂತಿಯಲ್ಲಿರುವ ಪೈಲಟ್ (ತೂತಿನೊಳಗೆ ಹೊಕ್ಕು ಪಟ್ಟಿಯನ್ನು ಜಾಗಕ್ಕೆ ತರುವ ಮೊಳೆ) ತೂತಿಗಿಂತ 0.03 ಕಡಿಮೆ, ಸುಮಾರು 8.37 ಇರಲಿ. ಸೈಡ್ ಕಟರ್ ಪಿಚ್‌ಗಿಂತ 0.05 ಉದ್ದ ಕತ್ತರಿಸಲಿ. ಪಟ್ಟಿ ತುಸು ಮುಂದೆ ಹೋಗುತ್ತದೆ, ಪೈಲಟ್ ಹಿಂದಕ್ಕೆ ಎಳೆದು ಸರಿಯಾಗಿ ಕೂರಿಸುತ್ತದೆ. ಉಲ್ಟಾ ಆದರೆ, ಸ್ಟಾಪ್‌ಗೆ ತಾಗಿ ನಿಂತ ಪಟ್ಟಿಯನ್ನು ಪೈಲಟ್ ಮುಂದೆ ಎಳೆಯಲಾರದು. ಒಂದೋ ತೂತು ಅಗಲಿಸುತ್ತದೆ, ಇಲ್ಲವೇ ತಾನೇ ಮುರಿಯುತ್ತದೆ.

ಸೆಟ್ಟಿಂಗ್ ಶುರು ಮಾಡುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ಫ್ಲೈವೀಲ್ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಮೋಟಾರ್ ಆಫ್ ಆದರೂ ಅದು ಸುಮಾರು ಹೊತ್ತು ತಿರುಗುತ್ತಿರುತ್ತದೆ. ಬೋಲ್ಸ್ಟರನ್ನು ಬಟ್ಟೆಯಿಂದ ಒರೆಸಿದ ಮೇಲೆ ಅಂಗೈಯಿಂದ ಸವರಿ ನೋಡಿ, ಒಂದೇ ಒಂದು ಚೂರು ಕೆಳಗೆ ಸಿಕ್ಕಿದ್ದರೂ ಡೈ ವಾಲುತ್ತದೆ. ರ್‍ಯಾಮ್ ಸ್ಕ್ರೂ ಮೇಲಕ್ಕೆತ್ತಿ, ರ್‍ಯಾಮನ್ನು ಕೈಯಿಂದ ಕೆಳಗಿನ ಕೊನೆಗೆ ತಂದು, ಪ್ರೆಸ್ಸಿನ ಶಟ್ ಹೈಟ್ (ಆಗ ರ್‍ಯಾಮ್, ಬೋಲ್ಸ್ಟರ್ ನಡುವೆ ಉಳಿಯುವ ಎತ್ತರ) ಟೂಲಿನದಕ್ಕಿಂತ (ಮುಚ್ಚಿದ ಟೂಲಿನ ಎತ್ತರ) ಹೆಚ್ಚಿದೆಯೇ ಅಳೆಯಿರಿ. ಬಳಿಕ ಮುಚ್ಚಿದ ಟೂಲನ್ನು ಒಳಗೆ ತಳ್ಳಿ, ಸ್ಕ್ರೂ ಇಳಿಸಿ, ಮೊದಲು ಶ್ಯಾಂಕ್ (ಟೂಲಿನ ಮೇಲ್ಭಾಗವನ್ನು ರ್‍ಯಾಮಿಗೆ ಸೇರಿಸುವ ಗೂಟ) ಬಿಗಿ ಮಾಡಿ. ಕೆಳಗಿನ ಕ್ಲ್ಯಾಂಪುಗಳನ್ನು ಸಡಿಲವಾಗಿಯೇ ಬಿಟ್ಟು ಕೈಯಿಂದ ಒಂದೆರಡು ಸುತ್ತು ತಿರುಗಿಸಿ, ಡೈ ತಾನೇ ತನ್ನ ಜಾಗ ಕಂಡುಕೊಳ್ಳುತ್ತದೆ. ಆಮೇಲೆ ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ.

ನಂತರ ಕಾಗದ. ಪತ್ರಿಕೆಯ ಒಂದು ಹಾಳೆಯನ್ನು ಕೈಸುತ್ತಿನಲ್ಲಿ ಕತ್ತರಿಸಿ, ಬೆಳಕಿಗೆ ಹಿಡಿಯಿರಿ. ವೃತ್ತದ ಸುತ್ತ ಒಂದೇ ಥರ ಕತ್ತರಿಸಿದೆಯಾ, ಒಂದು ಕಡೆ ನಾರುನಾರಾಗಿ ಹರಿದಿದೆಯಾ? ಹರಿದ ಕಡೆ ಕ್ಲಿಯರೆನ್ಸ್ ಜಾಸ್ತಿಯಿದೆ, ಎದುರು ಕಡೆ ಪಂಚ್ ಡೈಯನ್ನು ಒರೆಸುತ್ತಿದೆ. ಇದು ಸರಿಯಾಗದೆ ಕರೆಂಟ್ ಕೊಡಬೇಡಿ. ಬ್ಲ್ಯಾಂಕಿಂಗ್ ಪಂಚ್ ಡೈ ಒಳಗೆ 0.5ರಿಂದ 1 ಮಿ.ಮೀ. ಇಳಿದರೆ ಸಾಕು.

ಪಟ್ಟಿಯ ಮೊದಲ ತುದಿ ತೂತಿನ ಕೇಂದ್ರದಿಂದ ಕನಿಷ್ಠ 10 ಮಿ.ಮೀ. ಮುಂದೆ ಇರಬೇಕು. ಕಡಿಮೆಯಾದರೆ ಬ್ಲ್ಯಾಂಕಿಂಗ್ ಪಂಚ್ ಅರ್ಧಚಂದ್ರ ಕತ್ತರಿಸುತ್ತದೆ, ಪಂಚ್ ಖಾಲಿ ಬದಿಗೆ ಬಾಗಿ ಡೈ ಅಂಚನ್ನು ಕಚ್ಚುತ್ತದೆ. ಮೊದಲ ಸ್ಟ್ರೋಕಿನಲ್ಲಿ ತೂತು, ಮೂರನೆಯದರಲ್ಲಿ ಮೊದಲ ವಾಷರ್.

ಬಿದ್ದ ವಾಷರನ್ನು ಬೆರಳಿಂದ ಸವರಿ ನೋಡಿ. ಒಳತೂತಿನ ಬರ್ (ಕತ್ತರಿಸಿದ ಅಂಚಿನಲ್ಲಿ ಏಳುವ ಚೂಪು ಏಣು) ಒಂದು ಮುಖಕ್ಕೆ, ಹೊರ ಅಂಚಿನ ಬರ್ ಇನ್ನೊಂದು ಮುಖಕ್ಕೆ. ಇದು ದೋಷವಲ್ಲ: ತೂತಿನ ಬರ್ ಡೈ ಕಡೆಗೆ, ಬಿದ್ದ ತುಂಡಿನ ಬರ್ ಪಂಚ್ ಕಡೆಗೆ ಏಳುವುದೇ ನಿಯಮ. ಎರಡೂ ಒಂದೇ ಮುಖಕ್ಕೆ ಬೇಕೆಂದರೆ ಕಾಂಪೌಂಡ್ ಟೂಲ್ (ತೂತು, ಹೊರವೃತ್ತ ಎರಡನ್ನೂ ಒಂದೇ ಜಾಗದಲ್ಲಿ ಒಂದೇ ಸ್ಟ್ರೋಕಿಗೆ ಕತ್ತರಿಸುವುದು) ಮಾಡಬೇಕು. ಬರ್ ಸುತ್ತಲೂ ಸಮನಾಗಿ ದಪ್ಪವಾದರೆ ಅಂಚು ಮೊಂಡಾಗಿದೆ. ಒಂದೇ ಬದಿಗೆ ಇದ್ದರೆ ಅಲೈನ್‌ಮೆಂಟ್ ಹೋಗಿದೆ.

ತೂತಿನ ಬಿಲ್ಲೆ ಪಂಚ್‌ಗೆ ಅಂಟಿಕೊಂಡು ಮೇಲೆ ಬಂದು ಪಟ್ಟಿಯ ಮೇಲೆ ಬಿದ್ದರೆ ಮುಂದಿನ ಸ್ಟ್ರೋಕಿನಲ್ಲಿ ಡಬಲ್ ದಪ್ಪ ಕತ್ತರಿಸಬೇಕಾಗುತ್ತದೆ. ಎಣ್ಣೆ ಅತಿಯಾಗಿರಬಹುದು, ಡೈ ಸವೆದಿರಬಹುದು, ಗ್ರೈಂಡಿಂಗ್ ಬಳಿಕ ಪಂಚ್‌ನ ಅಯಸ್ಕಾಂತ ಗುಣ ತೆಗೆಯದೆ ಇದ್ದಿರಬಹುದು. ಬಿಲ್ಲೆಗಳು ಕೆಳಗೇ ಜಾಮ್ ಆಗುವುದು ಇನ್ನೂ ಕೆಟ್ಟದ್ದು. ಡೈ ಅಂಚಿನ ಕೆಳಗೆ 3ರಿಂದ 5 ಮಿ.ಮೀ. ನೇರ ಭಾಗ, ಆಮೇಲೆ ಇಳಿಜಾರು ಬಿಡದಿದ್ದರೆ, ಅಥವಾ ಬೋಲ್ಸ್ಟರಿನ ತೂತು ಡೈ ತೂತಿಗಿಂತ ಚಿಕ್ಕದಾಗಿದ್ದರೆ, ಬಿಲ್ಲೆಗಳು ಕಂಬದಂತೆ ಒತ್ತಿಕೊಂಡು ಡೈಯನ್ನೇ ಸೀಳುತ್ತವೆ.

ಸಾಣೆ ಹಿಡಿಯುವಾಗ 0.1ರಿಂದ 0.2 ಮಿ.ಮೀ. ತೆಗೆಯಿರಿ. ಬ್ಲ್ಯಾಂಕಿಂಗ್ ಪಂಚ್‌ನ ಪೈಲಟ್ ಬಿಚ್ಚಿಟ್ಟು, ಎಲ್ಲ ಪಂಚ್‌ಗಳನ್ನೂ ಒಂದೇ ಅಳತೆಗೆ ಗ್ರೈಂಡ್ ಮಾಡಿ. ತೆಗೆದಷ್ಟು ಶಟ್ ಹೈಟ್ ಕಡಿಮೆಯಾಗುತ್ತದೆ. ಆ ಅಂಕಿಯನ್ನು ಡೈ ಸೆಟ್ ಪಕ್ಕದಲ್ಲೇ ಮಾರ್ಕರಿನಿಂದ ಬರೆದಿಡಿ. ಮುಂದಿನ ಪಾಳಿಯವರು ಅದನ್ನು ಓದಿಕೊಂಡೇ ರ್‍ಯಾಮ್ ಸ್ಕ್ರೂ ಮುಟ್ಟಲಿ.