ಹೆಡ್‌ಹಂಟರ್ ಕಂಪನಿ ನಡೆಸುವವರು ಮೊದಲು ಏನು ಕೆಲಸ ಮಾಡುತ್ತಿದ್ದರು?

ಓದುಗರ ಪ್ರಶ್ನೆ: ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ 18 ವರ್ಷದಿಂದ ಪರ್ಚೇಸ್ ವಿಭಾಗದಲ್ಲಿದ್ದೇನೆ. ಈಚೆಗೆ ಎಕ್ಸಿಕ್ಯುಟಿವ್ ಸರ್ಚ್ ಕಂಪನಿಯೊಂದರ ಪಾರ್ಟ್ನರ್ ಫೋನ್ ಮಾಡಿದ್ದರು. ಅವರು ಮೊದಲು ಬ್ಯಾಂಕಿನಲ್ಲಿದ್ದವರಂತೆ, ಎಚ್.ಆರ್. ಓದೇ ಇಲ್ಲವಂತೆ. ಇಂಥ ಕಂಪನಿಗಳನ್ನು ನಡೆಸುವವರು ಎಲ್ಲಿಂದ ಬರುತ್ತಾರೆ? ನನ್ನಂಥವರು ಆ ಕಡೆ ಹೋಗಬಹುದಾ?

ಉತ್ತರ: ಹೋಗಬಹುದು. ಎಚ್.ಆರ್. ಓದಿಲ್ಲ ಅನ್ನೋದು ಅಲ್ಲಿ ಕೊರತೆಯೇ ಅಲ್ಲ. ಈ ಧಂದೆಯನ್ನು ಕಟ್ಟಿದ ಬಹುತೇಕರು ಬೇರೆ ಕಸುಬಿನಿಂದ ಬಂದವರೇ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಎಕ್ಸಿಕ್ಯುಟಿವ್ ಸರ್ಚ್ ಅಥವಾ ಹೆಡ್‌ಹಂಟಿಂಗ್ ಅಂದರೆ ಕಂಪನಿಗಳ ಮೇಲಿನ ಹುದ್ದೆಗಳಿಗೆ ತಕ್ಕವರನ್ನು ಹುಡುಕಿಕೊಡುವುದು. ಇದು ಪ್ಲೇಸ್‌ಮೆಂಟ್ ಏಜೆನ್ಸಿ ಕೆಲಸ ಅಲ್ಲ. ಏಜೆನ್ಸಿಗೆ ಜನ ಕೆಲಸಕ್ಕೆ ಸೇರಿದ ಮೇಲೆ ದುಡ್ಡು. ಸರ್ಚ್ ಕಂಪನಿಗೆ ಹುಡುಕಾಟ ಶುರುವಾಗುವಾಗಲೇ ಮೊದಲ ಕಂತು ಸಿಗುತ್ತದೆ. ಒಟ್ಟು ಶುಲ್ಕ ಸಾಮಾನ್ಯವಾಗಿ ಆ ಹುದ್ದೆಯ ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗ. ಕೊಡುವುದು ಆಳು ಬೇಕಾದ ಕಂಪನಿ. ನಿಮ್ಮ ಹತ್ತಿರ ಯಾರಾದರೂ ಹಣ ಕೇಳಿದರೆ ಅದು ಸರ್ಚ್ ಕಂಪನಿ ಅಲ್ಲ, ಅಲ್ಲಿಗೇ ಫೋನ್ ಇಡಿ.

ಇನ್ನು ಈ ಜನರ ಹಿನ್ನೆಲೆ. ಕಥೆ ಶುರುವಾಗುವುದು ಅಮೆರಿಕದ ಷಿಕಾಗೋದಲ್ಲಿ, ಬೂಜ್ ಅಲೆನ್ ಹ್ಯಾಮಿಲ್ಟನ್ ಅನ್ನುವ ಕನ್ಸಲ್ಟಿಂಗ್ ಕಂಪನಿಯಲ್ಲಿ. ಕಂಪನಿಗಳನ್ನು ಹೇಗೆ ಸರಿಪಡಿಸಬೇಕು ಅಂತ ಸಲಹೆ ಕೊಡುವುದು ಅವರ ಕೆಲಸ. ಸಲಹೆ ಕೊಟ್ಟಾದ ಮೇಲೆ ಕ್ಲೈಂಟ್ ಕೇಳುವ ಪ್ರಶ್ನೆ ಒಂದೇ: 'ಇದನ್ನೆಲ್ಲ ಮಾಡೋರು ಯಾರು? ಅವರನ್ನೂ ನೀವೇ ಹುಡುಕಿಕೊಡಿ.' ಹಾಗೆ ಪಕ್ಕದ ಕೆಲಸವಾಗಿ ಇದ್ದದ್ದನ್ನು ಅಲ್ಲಿಂದ ಹೊರಬಂದವರು ಪೂರ್ತಿ ಕಸುಬಾಗಿ ಮಾಡಿಕೊಂಡರು. 1946ರಲ್ಲಿ ಸಿಡ್ನಿ ಬಾಯ್ಡನ್ ತಮ್ಮ ಹೆಸರಿನ ಕಂಪನಿ ತೆರೆದರು. 1953ರಲ್ಲಿ ಗಾರ್ಡ್ನರ್ ಹೈಡ್ರಿಕ್ ಮತ್ತು ಜಾನ್ ಸ್ಟ್ರಗಲ್ಸ್ ಸೇರಿ ಹೈಡ್ರಿಕ್ ಅಂಡ್ ಸ್ಟ್ರಗಲ್ಸ್ ಶುರು ಮಾಡಿದರು. 1956ರಲ್ಲಿ ಸ್ಪೆನ್ಸರ್ ಸ್ಟುವರ್ಟ್. ಎಲ್ಲರೂ ಬೂಜ್ ಅಲೆನ್ ಮನೆಯಲ್ಲಿ ಪಳಗಿದವರು.

1969ರಲ್ಲಿ ಇನ್ನೆರಡು ದೊಡ್ಡ ಕಂಪನಿ ಹುಟ್ಟಿದವು. ಲಾಸ್ ಏಂಜಲೀಸ್‌ನಲ್ಲಿ ಕಾರ್ನ್ ಫೆರಿ ಕಟ್ಟಿದ ಲೆಸ್ಟರ್ ಕಾರ್ನ್ ಮತ್ತು ರಿಚರ್ಡ್ ಫೆರಿ, ಪೀಟ್ ಮಾರ್ವಿಕ್ ಎಂಬ ಲೆಕ್ಕಪತ್ರದ ಸಂಸ್ಥೆಯಲ್ಲಿದ್ದವರು. ಇವತ್ತಿನ ಕೆ.ಪಿ.ಎಂ.ಜಿ.ಯ ಹಿರಿಯರ ಮನೆ ಅದು. ನ್ಯೂಯಾರ್ಕಿನಲ್ಲಿ ಕಂಪನಿ ತೆರೆದ ರಸೆಲ್ ರೆನಾಲ್ಡ್ಸ್ ಮೊದಲು ವಾಯುಪಡೆಯಲ್ಲಿದ್ದರು, ಆಮೇಲೆ ಜೆ.ಪಿ. ಮಾರ್ಗನ್ ಬ್ಯಾಂಕಿನಲ್ಲಿ. ನಿಮಗೆ ಫೋನ್ ಮಾಡಿದ ಬ್ಯಾಂಕಿನವರಿಗೆ ಹಳೇ ದಾರಿಯೇ ಇದೆ ನೋಡಿ.

ಇವರಲ್ಲೆಲ್ಲ ನನಗೆ ಹೆಚ್ಚು ಇಷ್ಟವಾಗುವುದು ಸ್ವಿಟ್ಜರ್ಲೆಂಡಿನ ಎಗಾನ್ ಜೆಂಡರ್. ಓದಿದ್ದು ಕಾನೂನು, ಆಮೇಲೆ ಹಾರ್ವರ್ಡ್‌ನಲ್ಲಿ ಎಂ.ಬಿ.ಎ. ಸ್ಪೆನ್ಸರ್ ಸ್ಟುವರ್ಟ್ ಪರವಾಗಿ ಜ್ಯೂರಿಕ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೆ ಒಂದು ವಿಷಯ ಸರಿ ಕಾಣಲಿಲ್ಲ. ಶುಲ್ಕ ಸಂಬಳದ ಪಾಲು ಆದರೆ, ಜಾಸ್ತಿ ಸಂಬಳದ ಆಳನ್ನು ಕೊಟ್ಟಷ್ಟೂ ಹುಡುಕುವವನಿಗೇ ಲಾಭ. ಹಾಗಾದರೆ ಅವನ ಸಲಹೆಯನ್ನು ಕ್ಲೈಂಟ್ ನಂಬುವುದು ಹೇಗೆ? 1964ರಲ್ಲಿ ಸ್ವಂತ ಕಂಪನಿ ತೆರೆದು ಅವರು ನಿಗದಿತ ಶುಲ್ಕ ಇಟ್ಟರು. ಒಳಗೂ ಅಷ್ಟೇ. ಯಾರು ಎಷ್ಟು ಕೆಲಸ ತಂದರು ಅಂತ ಲೆಕ್ಕ ಹಾಕಿ ಕಮಿಷನ್ ಕೊಡಲಿಲ್ಲ. ಪಾರ್ಟ್ನರ್‌ಗಳು ಲಾಭವನ್ನು ಹಂಚಿಕೊಂಡರು, ಜಾಸ್ತಿ ವರ್ಷ ಇದ್ದವರಿಗೆ ಜಾಸ್ತಿ ಪಾಲು. ವಕೀಲರ ಸಂಸ್ಥೆಗಳಲ್ಲಿ ಇರುವಂಥ ಪದ್ಧತಿ. ಕಾನೂನು ಓದಿದವರ ತಲೆಗೆ ಇದು ಹೊಳೆದದ್ದು ಸಹಜ ಅನ್ನಿಸುತ್ತದೆ. ಮೊದಲಿನ ಕಸುಬು ಆಮೇಲಿನ ಕಂಪನಿಗೆ ತನ್ನ ಬಣ್ಣ ಬಳಿಯುವುದು ಹೀಗೆ.

ಅದೇ ಕಂಪನಿಯ ನೊಗ 2014ರಲ್ಲಿ ಭಾರತದ ರಾಜೀವ್ ವಾಸುದೇವ ಅವರ ಹೆಗಲಿಗೆ ಬಂತು. ನಮ್ಮೂರಿಗೂ ಅದರ ನಂಟಿದೆ. 2017ರಲ್ಲಿ ವಿಶಾಲ್ ಸಿಕ್ಕಾ ಇನ್ಫೋಸಿಸ್ ಬಿಟ್ಟಾಗ ಹೊಸ ಸಿ.ಇ.ಒ. ಹುಡುಕಾಟಕ್ಕೆ ನೆರವಾದದ್ದು ಎಗಾನ್ ಜೆಂಡರ್. ಆ ವರ್ಷದ ಡಿಸೆಂಬರಿನಲ್ಲಿ ಸಲೀಲ್ ಪಾರೇಖ್ ಹೆಸರು ಹೊರಬಿತ್ತು.

ಈಚಿನ ಮುಖ್ಯಸ್ಥರೂ ಬೇರೆ ಬೇರೆ ಬಾಗಿಲಿಂದ ಬಂದವರು. ಕಾರ್ನ್ ಫೆರಿಯ ಗ್ಯಾರಿ ಬರ್ನಿಸನ್ ಕೆ.ಪಿ.ಎಂ.ಜಿ.ಯಲ್ಲಿ ಪಾರ್ಟ್ನರ್ ಆಗಿದ್ದವರು. ಕಾರ್ನ್ ಫೆರಿಗೆ ಬಂದದ್ದು ಹಣಕಾಸಿನ ಮುಖ್ಯಸ್ಥರಾಗಿ, 2007ರಲ್ಲಿ ಸಿ.ಇ.ಒ. ಆದರು. ಹೈಡ್ರಿಕ್‌ನಲ್ಲಿ 2014ರಲ್ಲಿ ಸಿ.ಇ.ಒ. ಆದ ಟ್ರೇಸಿ ವೋಲ್ಸ್ಟನ್‌ಕ್ರಾಫ್ಟ್, ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನಲ್ಲಿ ಬಹಳ ವರ್ಷ ಇದ್ದವರು.

ಯಾಕೆ ಹೀಗೆ? ನನ್ನ ಉತ್ತರ ಸರಳ. ಈ ಕೆಲಸದಲ್ಲಿ ಹೆಸರು ಹುಡುಕುವುದು ಸುಲಭದ ಭಾಗ. ಕಷ್ಟದ್ದು ಇನ್ನೊಂದು. ಐನೂರು ಕೋಟಿ ವ್ಯವಹಾರ ನಡೆಸಿದವರ ಎದುರು ಕೂತು, ಅವರು ಹೇಳುವ ಸಾಧನೆಯಲ್ಲಿ ಅವರದೆಷ್ಟು, ಬೇರೆಯವರದೆಷ್ಟು ಅಂತ ಬಿಡಿಸಿ ನೋಡಬೇಕು. ಬೋರ್ಡ್ ಇಷ್ಟಪಟ್ಟ ವ್ಯಕ್ತಿ ಸರಿಯಲ್ಲ ಅನ್ನಿಸಿದರೆ ಮುಖಕ್ಕೇ ಹೇಳಬೇಕು. ಮೊದಲು ಬೇರೆ ಕಸುಬಿನಲ್ಲಿ ಬೆವರು ಸುರಿಸದೆ ಈ ಧೈರ್ಯ ಬರುವುದಿಲ್ಲ. ಹೈಡ್ರಿಕ್‌ನ ಜೆರಾರ್ಡ್ ರೋಶ್ ಅವರನ್ನೇ ನೋಡಿ. 1983ರಲ್ಲಿ ಪೆಪ್ಸಿಯ ಜಾನ್ ಸ್ಕಲ್ಲಿಯನ್ನು ಆಪಲ್‌ಗೆ ಕರೆತಂದವರು ಅವರು. ಈ ಕೆಲಸಕ್ಕೆ ಬರುವ ಮೊದಲು ಅವರು ಮಾಡಿದ್ದು ಸೇಲ್ಸ್ ಮತ್ತು ಮಾರ್ಕೆಟಿಂಗ್.

ಈಗ ನಿಮ್ಮ ವಿಷಯ. 18 ವರ್ಷ ಪರ್ಚೇಸ್‌ನಲ್ಲಿದ್ದೀರಿ. ಯಾವ ಸಪ್ಲೈಯರ್ ಮಾತಿಗೆ ನಿಲ್ಲುತ್ತಾನೆ, ಯಾವ ಪ್ಲಾಂಟ್ ಹೆಡ್ ಸುಮ್ನೆ ಅಂಕಿ ತೋರಿಸುತ್ತಾನೆ ಅಂತ ನಿಮಗೆ ಗೊತ್ತು. ಕಾರ್ಖಾನೆಗಳಿಗೆ ಜನ ಹುಡುಕುವ ತಂಡಕ್ಕೆ ಇದು ದೊಡ್ಡ ಆಸ್ತಿ. ಆದರೆ ಒಂದು ಮಾತು ತಿಳಿದಿರಲಿ. ಇಷ್ಟು ದಿನ ನೀವು ಕೊಳ್ಳುವ ಕಡೆ ಕೂತವರು, ಜನ ನಿಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು. ಪಾರ್ಟ್ನರ್ ಆದವರು ಕೆಲಸ ತರಲೇಬೇಕು. ಕ್ಲೈಂಟ್ ಬಾಗಿಲಲ್ಲಿ ಕಾಯಬೇಕು, ಇಲ್ಲ ಅನ್ನಿಸಿಕೊಳ್ಳಬೇಕು. ಬೇರೆ ಕಡೆಯಿಂದ ಬಂದವರು ಎಡವುವುದು ಜಾಸ್ತಿ ಇಲ್ಲೇ.

ಆ ಪಾರ್ಟ್ನರ್ ಮತ್ತೆ ಫೋನ್ ಮಾಡಿದರೆ ಮೊದಲು ಅವರು ಹೇಳುವ ಹುದ್ದೆಯ ಬಗ್ಗೆ ಮಾತಾಡಿ ಮುಗಿಸಿ. ಆಮೇಲೆ ನಿಧಾನವಾಗಿ ಕೇಳಿ: 'ಸರ್, ಬ್ಯಾಂಕ್ ಬಿಟ್ಟು ಬಂದ ಮೇಲೆ ನಿಮಗೆ ಮೊದಲ ಕ್ಲೈಂಟ್ ಸಿಕ್ಕಿದ್ದು ಎಷ್ಟು ತಿಂಗಳಿಗೆ? ಅವರು ಹಳೇ ಪರಿಚಯದವರಾ?' ಆ ಉತ್ತರ ಕೇಳಿಸಿಕೊಂಡು, ನಿಮ್ಮ ಫೋನಿನಲ್ಲಿರುವ ಹೆಸರುಗಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ. ನಾಳೆ ನೀವು ಕರೆ ಮಾಡಿದರೆ 'ಬನ್ನಿ, ಮಾತಾಡೋಣ' ಅನ್ನುವವರು ಎಷ್ಟು ಜನ ಇದ್ದಾರೆ ಅಂತ ಎಣಿಸಿ.