55 ದಾಟಿದವರಿಗೆ ಏನೂ ಆಗುತ್ತಿರಲಿಲ್ಲ, ಆದರೂ ತಡೆದದ್ದು ಅವರೇ

ನ್ಯೂಜೆರ್ಸಿಯಲ್ಲಿ ತೆರಿಗೆ ಮತ್ತು ನಿವೃತ್ತಿ ಲೆಕ್ಕ ನೋಡಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಕನ್ನಡದವರೇ ಜಾಸ್ತಿ. ಮೂವತ್ತು ಮೂವತ್ತೈದರ ಹುಡುಗರು ಸಂಬಳದ ಚೀಟಿ ಮುಂದಿಟ್ಟು ಕೇಳುವುದು ಒಂದೇ ಮಾತು: "ಈ 6.2 ಪರ್ಸೆಂಟ್ ಸೋಶಿಯಲ್ ಸೆಕ್ಯುರಿಟಿಗೆ ಹೋಗ್ತಿದೆಯಲ್ಲ, ಅದನ್ನ ನನ್ನ ಕೈಗೇ ಕೊಟ್ಟಿದ್ರೆ ಇಂಡೆಕ್ಸ್ ಫಂಡ್‌ಗೆ ಹಾಕ್ಕೊಂಡು ಆರಾಮಾಗಿರ್ತಿದ್ದೆ, ಅಲ್ವಾ?" ಸೋಶಿಯಲ್ ಸೆಕ್ಯುರಿಟಿ ಅಂದರೆ ಅಮೆರಿಕದ ಸರ್ಕಾರಿ ಪಿಂಚಣಿ, ಇಂಡೆಕ್ಸ್ ಫಂಡ್ ಅಂದರೆ ಶೇರುಪೇಟೆಯ ಜೊತೆಗೇ ಏರಿಳಿಯುವ ಹೂಡಿಕೆ. ಆ ಪಿಂಚಣಿಗೆ ಕಂಪನಿಯೂ ಅಷ್ಟೇ ಕಟ್ಟುತ್ತದೆ. ಎರಡೂ ಸೇರಿ 12.4.

ಇದನ್ನು 20 ವರ್ಷದ ಹಿಂದೆ ಅಮೆರಿಕದ ಅಧ್ಯಕ್ಷರೇ ಕೇಳಿದ್ದರು. ಜಾರ್ಜ್ ಡಬ್ಲ್ಯೂ. ಬುಷ್ ಎರಡನೇ ಸಲ ಗೆದ್ದು ಬಂದು, 2005ರ ಫೆಬ್ರವರಿ 2ರ ಭಾಷಣದಲ್ಲಿ ಖಾಸಗಿ ನಿವೃತ್ತಿ ಖಾತೆಯ ಯೋಜನೆ ಮುಂದಿಟ್ಟರು. 55 ದಾಟಿದವರಿಗೆ ಏನೂ ಬದಲಾಗುವುದಿಲ್ಲ. ಅದಕ್ಕಿಂತ ಚಿಕ್ಕವರು ಬೇಕಿದ್ದರೆ ಆ 12.4ರಲ್ಲಿ 4 ಪರ್ಸೆಂಟನ್ನು ಸ್ವಂತ ಖಾತೆಗೆ ತಿರುಗಿಸಿಕೊಳ್ಳಬಹುದು, ಮೊದಲ ವರ್ಷ 1,000 ಡಾಲರ್ ಮಿತಿಯೊಳಗೆ. ಒತ್ತಾಯವಿಲ್ಲ. ಕೇಳಲು ಚೆನ್ನಾಗಿಯೇ ಇತ್ತು. "60 ದಿನ, 60 ಊರು" ಎಂದು ಪ್ರಚಾರವೂ ನಡೆಯಿತು. ಆದರೆ ಎದುರು ನಿಂತವರು ಯಾರು? ಯೋಜನೆ ಮುಟ್ಟದೇ ಬಿಟ್ಟಿದ್ದ ಆ 55 ದಾಟಿದವರೇ. ಖಾತೆ ಸಿಗಬೇಕಿದ್ದ ಹುಡುಗರ ದನಿ ಅಷ್ಟಾಗಿ ಕೇಳಲೇ ಇಲ್ಲ.

ಹಿರಿಯರಿಗೆ ಹೆದರಿಕೆ ಯಾಕೆ ಬಂತು ಅಂದರೆ, ಈ ವ್ಯವಸ್ಥೆ ನಡೆಯುವ ರೀತಿಯೇ ಹಾಗಿದೆ. ಮೊದಲ ಮಾಸಿಕ ಪಿಂಚಣಿ ಪಡೆದವರು ವರ್ಮಾಂಟ್ ರಾಜ್ಯದ ಐಡಾ ಮೇ ಫುಲ್ಲರ್. 1940ರ ಜನವರಿಯ ಚೆಕ್, 22 ಡಾಲರ್ 54 ಸೆಂಟ್. ಆಕೆ ಅದುವರೆಗೆ ಕಟ್ಟಿದ್ದ ತೆರಿಗೆ ಒಟ್ಟು 24.75 ಡಾಲರ್. ನೂರು ವರ್ಷ ಬದುಕಿ, ಪಡೆದದ್ದು 22,888 ಡಾಲರ್ ಚಿಲ್ಲರೆ. ಅದು ಎಲ್ಲಿಂದ ಬಂತು? ಆಗ ದುಡಿಯುತ್ತಿದ್ದವರ ಸಂಬಳದಿಂದ. ಊರಿನಲ್ಲಿರುವ ಅಪ್ಪನಿಗೆ ಮಗ ತಿಂಗಳು ತಿಂಗಳು ದುಡ್ಡು ಕಳಿಸುತ್ತಾನಲ್ಲ, ಇಡೀ ದೇಶಕ್ಕೆ ಅದೇ ಏರ್ಪಾಡು. ಈಗ ಮಗ "ಮೂರರಲ್ಲಿ ಒಂದು ಭಾಗ ನನ್ನ ಮುಪ್ಪಿಗೆ ಎತ್ತಿಡ್ತೀನಿ" ಅಂದರೆ ತಪ್ಪೇನಿಲ್ಲ. ಆದರೆ ಅಪ್ಪನಿಗೆ ಕಡಿಮೆಯಾದ ಆ ಭಾಗವನ್ನು ಯಾರು ತುಂಬಬೇಕು? ಸರ್ಕಾರ ಸಾಲ ಮಾಡಬೇಕು. ಶ್ವೇತಭವನವೇ ಕೊಟ್ಟ ಅಂದಾಜು 2015ರವರೆಗೆ ಸುಮಾರು 75 ಸಾವಿರ ಕೋಟಿ ಡಾಲರ್. ಅಷ್ಟು ಸಾಲ ತಲೆ ಮೇಲಿದ್ದಾಗ "ನಿಮ್ಮ ಪಿಂಚಣಿ ಮುಟ್ಟಲ್ಲ" ಎಂಬ ಮಾತು ಎಷ್ಟು ದಿನ ನಿಲ್ಲುತ್ತದೆ? ಹಿರಿಯರು ಈ ಲೆಕ್ಕ ಹಾಕಿದರು. ಸರಿಯಾಗಿಯೇ ಹಾಕಿದರು ಅನ್ನುವುದು ನನ್ನ ಅಭಿಪ್ರಾಯ.

ಹುಡುಗರು ಹಾಕಬೇಕಿದ್ದ ಲೆಕ್ಕ ಬೇರೆ. ಖಾತೆಗೆ ತಿರುಗಿಸಿದ ದುಡ್ಡು ಪುಕ್ಕಟೆ ಅಲ್ಲ. ತಿರುಗಿಸಿದ ಮೊತ್ತ, ಅದರ ಮೇಲೆ ಬೆಲೆ ಏರಿಕೆ ಬಿಟ್ಟು ವರ್ಷಕ್ಕೆ 3 ಪರ್ಸೆಂಟ್, ಇಷ್ಟನ್ನು ನಿವೃತ್ತಿಯ ಹೊತ್ತಿಗೆ ಮಾಮೂಲಿ ಪಿಂಚಣಿಯಿಂದ ಕಳೆಯುವುದು ಯೋಜನೆಯ ಷರತ್ತು. ಒಂದು ಉದಾಹರಣೆ ನೋಡಿ. 35ರ ವಯಸ್ಸಿನಲ್ಲಿ 1,000 ಡಾಲರ್ ತಿರುಗಿಸಿದಿರಿ. 65ಕ್ಕೆ ನಿಮ್ಮ ಪಿಂಚಣಿಯಿಂದ ಹೋಗುವುದು ಇಂದಿನ ಬೆಲೆಯಲ್ಲಿ ಸುಮಾರು 2,427 ಡಾಲರ್ ಮೌಲ್ಯ. ನಿಮ್ಮ ಖಾತೆಯೂ ಬೆಲೆ ಏರಿಕೆ ಬಿಟ್ಟು ವರ್ಷಕ್ಕೆ 4 ಪರ್ಸೆಂಟ್ ಬೆಳೆದಿದ್ದರೆ ಅಲ್ಲಿ 3,243 ಇರುತ್ತದೆ, ಸುಮಾರು 800 ಲಾಭ. 3 ಪರ್ಸೆಂಟ್ ಬೆಳೆದರೆ ಸೊನ್ನೆ. 2 ಬೆಳೆದರೆ 1,811, ಅಂದರೆ ಸುಮಾರು 600 ನಷ್ಟ. ಆಗ ಬೆಲೆ ಏರಿಕೆಗೆ ಹೊಂದಿಸಿದ ಸರ್ಕಾರಿ ಬಾಂಡ್ ಕೊಡುತ್ತಿದ್ದ ಬಡ್ಡಿ 3ಕ್ಕಿಂತ ಕಡಿಮೆ. "ನನಗೆ ರಿಸ್ಕ್ ಬೇಡಪ್ಪ" ಎಂದು ಬಾಂಡ್‌ನಲ್ಲಿಟ್ಟವನಿಗೆ ಮೊದಲ ದಿನವೇ ನಷ್ಟ ಗ್ಯಾರಂಟಿ. ಅಂದರೆ ಇದು ಸರ್ಕಾರದಿಂದ 3 ಪರ್ಸೆಂಟ್‌ಗೆ ಸಾಲ ತೆಗೆದು ಶೇರು ಕೊಳ್ಳುವ ವ್ಯವಹಾರ. ಸಂಬಳದ ಚೀಟಿ ಹಿಡಿದು ಬರುವ ಹುಡುಗರಿಗೆ ಹೀಗೆ ಹೇಳಿದರೆ ಅರ್ಧ ಉತ್ಸಾಹ ಅಲ್ಲೇ ಇಳಿಯುತ್ತದೆ.

ಆ ಏಪ್ರಿಲ್‌ನಲ್ಲಿ ಬುಷ್ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್‌ಗೆ ಹೋಗಿದ್ದರು. ಅಲ್ಲಿಯ ಸರ್ಕಾರಿ ಕಚೇರಿಯಲ್ಲಿ ಒಂದು ಫೈಲ್ ಕಪಾಟು. ಸೋಶಿಯಲ್ ಸೆಕ್ಯುರಿಟಿ ನಿಧಿಯ, ಅಂದರೆ ಪಿಂಚಣಿ ಕೊಟ್ಟು ಉಳಿದ ತೆರಿಗೆಯ, ಬಾಂಡ್ ಪತ್ರಗಳು ಅದರೊಳಗೆ. ಅದನ್ನು ನೋಡಿ ಬಂದು, ನಿಧಿ ಅಂತ ಏನೂ ಇಲ್ಲ, ಬರೀ ಸಾಲದ ಚೀಟಿಗಳು ಎಂದರು. ಆದರೆ ಬ್ಯಾಂಕುಗಳೂ ಬೇರೆ ದೇಶಗಳೂ ನಂಬಿ ಕೊಳ್ಳುವುದು ಇದೇ ಅಮೆರಿಕ ಸರ್ಕಾರದ ಸಾಲಪತ್ರಗಳನ್ನೇ. ಅವರಿಗೆ ಆಸ್ತಿ, ಅಜ್ಜಿಗೆ ಮಾತ್ರ ಕಾಗದ ಅಂದರೆ ಹೇಗೆ?

ಇನ್ನು ಸಂಘಗಳ ವಿಷಯ. ಅಮೆರಿಕದಲ್ಲಿ 50 ತುಂಬುವ ಹೊತ್ತಿಗೆ ಮನೆಗೆ ಒಂದು ಲಕೋಟೆ ಬರುತ್ತದೆ, ಹಿರಿಯರ ಸಂಘವಾದ ಎಎಆರ್‌ಪಿಯ ಸದಸ್ಯರಾಗಿ ಅಂತ. ನಮ್ಮವರಲ್ಲಿ ಎಷ್ಟೋ ಜನ ಹೋಟೆಲ್ ರೂಮಿನ ಡಿಸ್ಕೌಂಟ್‌ಗೆ ಕಾರ್ಡ್ ಮಾಡಿಸಿಕೊಂಡು, ತಾವು ದೇಶದ ಅತಿ ದೊಡ್ಡ ಲಾಬಿಯೊಂದರ ಸದಸ್ಯರು ಅನ್ನುವುದನ್ನೇ ಮರೆತಿರುತ್ತಾರೆ. 1958ರಲ್ಲಿ ಇದನ್ನು ಕಟ್ಟಿದವರು ನಿವೃತ್ತ ಹೈಸ್ಕೂಲ್ ಮುಖ್ಯೋಪಾಧ್ಯಾಯಿನಿ ಎಥೆಲ್ ಪರ್ಸಿ ಆ್ಯಂಡ್ರಸ್. 2005ರಲ್ಲಿ ಸದಸ್ಯರು ಸುಮಾರು ಮೂರೂವರೆ ಕೋಟಿ. ಅವರ ವಾದ ಸರಳ: ಖಾಸಗಿ ಖಾತೆ ಬೇಕಿದ್ದರೆ ಪಿಂಚಣಿಯ ಮೇಲೆ ಸೇರಿಸಿ ಕೊಡಿ, ಅದರೊಳಗಿಂದ ಕಿತ್ತು ಬೇಡ. ಸಿಂಕ್ ಕೆಟ್ಟರೆ ಮನೆಯನ್ನೇ ಕೆಡವುತ್ತೀರಾ ಎಂದು ಜಾಹೀರಾತು ಹಾಕಿದರು.

ಎದುರು ಪಾಳೆಯದಲ್ಲಿ ನಿಂತ ಯುಎಸ್‌ಎ ನೆಕ್ಸ್ಟ್ ಕೂಡ ಹಿರಿಯರದ್ದೇ ಸಂಘ, ಹಳೆಯ ಹೆಸರು ಯುನೈಟೆಡ್ ಸೀನಿಯರ್ಸ್ ಅಸೋಸಿಯೇಷನ್. ಪಿಂಚಣಿ ಲೆಕ್ಕದ ಬದಲು ಅವರು ಹಾಕಿದ್ದು ಒಂದು ಚಿತ್ರ: ಸೈನಿಕನ ಮೇಲೆ ಅಡ್ಡಗೆರೆ, ಚುಂಬಿಸುವ ಸಲಿಂಗಿ ಮದುಮಗರಿಬ್ಬರ ಮೇಲೆ ಸರಿ ಗುರುತು, ಇದೇ ಎಎಆರ್‌ಪಿಯ ನಿಜವಾದ ಅಜೆಂಡಾ ಅಂತ. ನಿವೃತ್ತಿಗೂ ಇದಕ್ಕೂ ಏನು ಸಂಬಂಧ? ಏನೂ ಇಲ್ಲ. ಅನುಮತಿ ಇಲ್ಲದೆ ನಮ್ಮ ಫೋಟೋ ಬಳಸಿದ್ದಾರೆಂದು ಆ ಜೋಡಿ ಕೋರ್ಟಿಗೆ ಹೋಯಿತು. ಅದೇ ಸಂಘ ಹಿಂದೆ ಸರ್ಕಾರಿ ಪತ್ರದ ಹಾಗೆ ಕಾಣುವ ಲಕೋಟೆಗಳನ್ನು ಹಿರಿಯರಿಗೆ ಕಳಿಸಿದ್ದಕ್ಕೆ ಸೋಶಿಯಲ್ ಸೆಕ್ಯುರಿಟಿ ಇಲಾಖೆ 5 ಲಕ್ಷ 54 ಸಾವಿರ ಡಾಲರ್ ದಂಡ ಹಾಕಿತ್ತು. 2005ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಹಾಗಂತ ಎಎಆರ್‌ಪಿಯನ್ನು ದೇವರ ಪಟದ ಪಕ್ಕ ಇಡಬೇಡಿ. ಅದಕ್ಕೆ ಸದಸ್ಯರ ಚಂದಾಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆದಾಯ ಬರುವುದು ವಿಮೆ ಮುಂತಾದ ಕಂಪನಿಗಳಿಗೆ ತನ್ನ ಹೆಸರು ಕೊಟ್ಟು ಪಡೆಯುವ ರಾಯಲ್ಟಿಯಿಂದ. ಯುನೈಟೆಡ್‌ಹೆಲ್ತ್‌ಕೇರ್‌ನ ಪಾಲಿಸಿ ಮೇಲೆ ಎಎಆರ್‌ಪಿ ಹೆಸರು ನೋಡಿ "ಇದು ನಮ್ಮ ಸಂಘದ್ದೇ" ಎಂದು ಕೊಳ್ಳುವವರನ್ನು ನಾನು ದಿನಾ ನೋಡುತ್ತೇನೆ. ನಿಮ್ಮ ಮೇಜಿಗೆ ಯಾವ ಸಂಘದ ಪತ್ರ ಬಂದರೂ ನಾನು ಹೇಳುವುದು ಇಷ್ಟೇ: ದುಡ್ಡು ಎಲ್ಲಿಂದ ಬರುತ್ತದೆ ನೋಡಿ, ಆಮೇಲೆ ಒಳಗಿನ ಮಾತು ಓದಿ.

ಬುಷ್ ಯೋಜನೆ ಸಂಸತ್ತಿನಲ್ಲಿ ಮತಕ್ಕೂ ಬರಲಿಲ್ಲ. ಆಗಸ್ಟ್ ಕೊನೆಯಲ್ಲಿ ಕತ್ರಿನಾ ಚಂಡಮಾರುತ ಬಂತು, ದೇಶದ ಗಮನ ಆ ಕಡೆ ಹೋಯಿತು. 2008ರಲ್ಲಿ ಶೇರುಪೇಟೆ ಮೂರನೇ ಒಂದಕ್ಕಿಂತ ಜಾಸ್ತಿ ಬಿದ್ದಾಗ "ನೋಡಿದಿರಾ" ಎಂದವರು ತುಂಬಾ ಜನ. ನ್ಯಾಯವಾಗಿ ಹೇಳಬೇಕೆಂದರೆ ಆ ವಾದ ಅರ್ಧ ಸತ್ಯ. ಆಗ ಮೂವತ್ತರಲ್ಲಿದ್ದವನು ಇಂಡೆಕ್ಸ್ ಫಂಡ್ ಹಿಡಿದು ಸುಮ್ನೆ ಕೂತಿದ್ದರೆ ಇಂದು ಚೆನ್ನಾಗಿಯೇ ಇರುತ್ತಿದ್ದ. ಬಿದ್ದ ದಿನ ಮಾರದೆ ಕೂರುವವರು ಎಷ್ಟು ಜನ ಅನ್ನುವುದು ಬೇರೆ ಮಾತು.

ಗೆದ್ದ ಮೇಲೆ ಹಿರಿಯರ ಸಂಘಗಳು ಏನು ಮಾಡಿದವು ಎಂಬಲ್ಲಿ ನನ್ನ ತಕರಾರಿದೆ. 2005ರ ವರದಿ ಪ್ರಕಾರ ನಿಧಿ 2041ರವರೆಗೆ ಬರಬೇಕಿತ್ತು. 2025ರ ವರದಿಯಲ್ಲಿ ಅದು 2034ಕ್ಕೆ ಬಂದು ನಿಂತಿದೆ. ಆಮೇಲೂ ಪಿಂಚಣಿ ನಿಲ್ಲುವುದಿಲ್ಲ, ಆದರೆ ಹೇಳಿದ ಮೊತ್ತದ 81 ಪರ್ಸೆಂಟ್ ಮಾತ್ರ ಕೊಡಲು ಸಾಧ್ಯ. ಈ ಎಚ್ಚರಿಕೆ ನಿಮ್ಮ ಸೋಶಿಯಲ್ ಸೆಕ್ಯುರಿಟಿ ಸ್ಟೇಟ್‌ಮೆಂಟ್‌ನಲ್ಲೂ ಇರುತ್ತದೆ, ಯಾರೂ ಓದುವುದಿಲ್ಲ. 1983ರಲ್ಲಿ ಇಂಥದ್ದೇ ಪರಿಸ್ಥಿತಿ ಬಂದಾಗ ಎರಡೂ ಪಕ್ಷ ಕೂತು ತೆರಿಗೆ ಏರಿಸಿ, ಪೂರ್ಣ ಪಿಂಚಣಿಯ ವಯಸ್ಸನ್ನು ಮೆಲ್ಲಗೆ 67ಕ್ಕೆ ಒಯ್ದವು. ಈಗ ತೆರಿಗೆ ಅಂದರೆ ಒಂದು ಕಡೆಯವರು ಸಿಡಿಯುತ್ತಾರೆ, ಕಡಿತ ಅಂದರೆ ಇನ್ನೊಂದು ಕಡೆಯವರು. ಖಾತೆ ಬೇಡ ಎಂದು ಸರಿಯಾಗಿಯೇ ತಡೆದವರು, ಬದಲಿಗೆ ಏನು ಬೇಕು ಎಂದು ಅದೇ ಗಂಟಲಲ್ಲಿ ಕೇಳಲಿಲ್ಲ. ಬಿಲ್ಲು ಬರುವುದು ಅಂದು ಮೂವತ್ತರಲ್ಲಿದ್ದವರಿಗೆ.

ಚರ್ಚೆ ಸತ್ತಿಲ್ಲ. 2025ರಲ್ಲಿ, ಆ ವರ್ಷದಿಂದ 2028ರವರೆಗೆ ಹುಟ್ಟುವ ಮಕ್ಕಳಿಗೆ 1,000 ಡಾಲರ್ ಹಾಕಿ ಶುರು ಮಾಡುವ "ಟ್ರಂಪ್ ಅಕೌಂಟ್" ಬಂತು. ಇದು ಸೋಶಿಯಲ್ ಸೆಕ್ಯುರಿಟಿಯನ್ನು ಖಾಸಗಿ ಮಾಡುವ ಹಿಂಬಾಗಿಲು ಎಂದು ಖಜಾನೆ ಕಾರ್ಯದರ್ಶಿ ಸ್ಕಾಟ್ ಬೆಸೆಂಟ್ ಆ ಜುಲೈನಲ್ಲಿ ಬಾಯಿಬಿಟ್ಟರು. ಎಎಆರ್‌ಪಿ ತಕ್ಷಣ ಹರಿಹಾಯಿತು. ಬೆಸೆಂಟ್ ಮಾತು ತಿದ್ದಿಕೊಂಡರು. ಖಾತೆಯೇನೋ ಈಗಿನ ಮಟ್ಟಿಗೆ ಮೇಲೆ ಸೇರಿಸಿದ್ದೇ, ಒಳಗಿಂದ ಕಿತ್ತದ್ದಲ್ಲ. ಹುಟ್ಟಿದ ಮಗುವಿದ್ದರೆ ತೆಗೆದುಕೊಳ್ಳಿ, ರಾಜಕೀಯ ಆಮೇಲೆ.

ಊರಿನಲ್ಲೂ ಇದೇ ಜಗಳ ಇದೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ಸರ್ಕಾರಿ ನೌಕರರು ಪೇಟೆಯಲ್ಲಿ ದುಡ್ಡು ಹೂಡುವ ಎನ್‌ಪಿಎಸ್ ಪಿಂಚಣಿಯಲ್ಲಿದ್ದಾರೆ, ಹಳೆ ಪಿಂಚಣಿ ವಾಪಸ್ ಕೊಡಿ ಎನ್ನುತ್ತಿದ್ದಾರೆ. ಪೇಟೆ ಬಿದ್ದರೆ ನಷ್ಟ ಯಾರಿಗೆ ಅನ್ನುವುದೇ ಅಲ್ಲೂ ಪ್ರಶ್ನೆ. ವ್ಯತ್ಯಾಸ ಅಂದರೆ ಅಲ್ಲಿ ಗದ್ದಲ ಮಾಡುತ್ತಿರುವವರು ಇನ್ನೂ ಕೆಲಸದಲ್ಲಿರುವವರು.

ಯಾವ ಸಂಘವೂ ಗಟ್ಟಿಯಾಗಿ ಕೈ ಹಿಡಿಯದ ಒಂದು ಗುಂಪು ನನ್ನ ಕಚೇರಿಗೇ ಬರುತ್ತದೆ. ಎಚ್-1ಬಿ ಕೆಲಸದ ವೀಸಾದಲ್ಲಿ ಏಳೆಂಟು ವರ್ಷ ದುಡಿದು ಬೆಂಗಳೂರಿಗೋ ಮೈಸೂರಿಗೋ ಹೊರಟವರು. ಪಿಂಚಣಿಗೆ 40 ಕ್ರೆಡಿಟ್ ಬೇಕು. ವರ್ಷಕ್ಕೆ ನಾಲ್ಕೇ, 2025ರಲ್ಲಿ 1,810 ಡಾಲರ್ ದುಡಿಮೆಗೆ ಒಂದು. ಅಂದರೆ ಹತ್ತು ವರ್ಷ. ಜರ್ಮನಿ, ಜಪಾನ್, ದಕ್ಷಿಣ ಕೊರಿಯಾದವರಿಗೆ ಎರಡೂ ದೇಶದ ವರ್ಷ ಸೇರಿಸಿ ಎಣಿಸುವ ಒಪ್ಪಂದ ಅಮೆರಿಕದೊಂದಿಗೆ ಇದೆ. ಭಾರತಕ್ಕೆ ಇಲ್ಲ. ಭಾರತದ ಐಟಿ ಕಂಪನಿಗಳ ಸಂಘ ನ್ಯಾಸ್‌ಕಾಮ್ ಆಗಾಗ ದನಿ ಎತ್ತುತ್ತದೆ, ಮಾತುಕತೆ ಮುಂದೂಡುತ್ತಲೇ ಹೋಗುತ್ತದೆ. ಹೀಗೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಆದರೆ ಗಳಿಸಿದ ಕ್ರೆಡಿಟ್ ಅಳಿಸಿಹೋಗುವುದಿಲ್ಲ, ಮುಂದೆ ಮತ್ತೆ ಬಂದು ದುಡಿದರೆ ಅಲ್ಲಿಂದಲೇ ಎಣಿಕೆ. ಹೊರಡುವ ಮುಂಚೆ ಸೋಶಿಯಲ್ ಸೆಕ್ಯುರಿಟಿಯ ಆನ್‌ಲೈನ್ ಖಾತೆ ತೆರೆದು ಪ್ರತಿ ವರ್ಷದ ಸಂಬಳ ಸರಿಯಾಗಿ ದಾಖಲಾಗಿದೆಯೇ ನೋಡಿ, ವರ್ಷದ ಸಂಬಳ, ತೆರಿಗೆ ತೋರಿಸುವ ಡಬ್ಲ್ಯೂ-2 ಫಾರ್ಮುಗಳನ್ನು ಎಸೆಯಬೇಡಿ. 36 ಅಥವಾ 38 ಕ್ರೆಡಿಟ್ ಆಗಿದ್ದರೆ ಟಿಕೆಟ್ ಬುಕ್ ಮಾಡುವ ಮೊದಲು ಒಂದು ಸಲ ಬಂದು ಮಾತಾಡಿ.