ಸುಳ್ಳು ಫೋಟೊದಲ್ಲೋ, ಅದರ ಕೆಳಗಿನ ಬರಹದಲ್ಲೋ?

ಮಳೆ ಜೋರಾಯಿತೆಂದರೆ ಕಾರವಾರ, ಅಂಕೋಲಾ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಗುಡ್ಡ ಕುಸಿದ ಫೋಟೊಗಳು ಸುತ್ತತೊಡಗುತ್ತವೆ. ತಿದ್ದಿದ ಚಿತ್ರಕ್ಕಿಂತ ಮೋಸ ಮಾಡುವುದು ತಿದ್ದದ ಹಳೆಯ ಚಿತ್ರ. 2024ರ ಜುಲೈ 16ರ ಶಿರೂರು ಕುಸಿತದ ನಿಜ ಫೋಟೊಕ್ಕೆ ‘ಇವತ್ತು ಬೆಳಿಗ್ಗೆ’ ಎಂದು ಬರೆದರೆ ಸಾಕು, ಹೆದ್ದಾರಿ 66ರಲ್ಲಿ ಹೊರಟವರ ಮನೆಯವರ ಎದೆ ಒಡೆದುಹೋಗುತ್ತದೆ.

ಹಾಗಾಗಿ ಚಿತ್ರ ಹಿಂದೆ ಎಲ್ಲಾದರೂ ಬಂದಿತ್ತೇ ಎಂದು ಮೊದಲು ಹುಡುಕಿ. ಚಿತ್ರ ಕೊಟ್ಟರೆ ಅಂಥದ್ದನ್ನೇ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಕೊಡುವಾಗ ಚಿತ್ರದ ಮೇಲಿನ ಬರಹ ಕತ್ತರಿಸಿ ತೆಗೆಯಿರಿ. ಇಲ್ಲದಿದ್ದರೆ ಅದು ಅಕ್ಷರಗಳ ಬೆನ್ನು ಹತ್ತುತ್ತದೆ. ಸಿಗದಿದ್ದರೆ ಸೇತುವೆಯ ಕಂಬ, ಅಂಗಡಿಯ ಬೋರ್ಡು ಎಂದು ಒಂದೊಂದೇ ಭಾಗ ಹಿಡಿದು ಹುಡುಕಿ. ಚಿತ್ರ ಹುಡುಕುವ ಇನ್ನೊಂದು ತಾಣವಾದ ಟಿನ್‌ಐನಲ್ಲಿ ಹಳೆಯದನ್ನು ಮೊದಲು ತೋರಿಸುವ ಆಯ್ಕೆಯಿದೆ. ಹೇಳಿದ ಘಟನೆಗಿಂತ ಒಂದು ದಿನ ಮುಂಚಿನ ಪ್ರತಿ ಸಿಕ್ಕರೂ ಕೆಳಗಿನ ಬರಹ ಸುಳ್ಳು. ಏನೂ ಸಿಗದಿದ್ದರೆ ಅಸಲಿ ಎಂದೇನೂ ಅಲ್ಲ.

ಆಮೇಲೆ ಹೊತ್ತು ನೋಡಿ. ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು 2024ರ ಆಗಸ್ಟ್ 7ರಂದು, ರಾತ್ರಿ ಸುಮಾರು ಒಂದು ಗಂಟೆಗೆ. ಆ ಕುಸಿತದ್ದೇ ಎಂದು ಹಗಲು ಬೆಳಕಿನಲ್ಲಿ ಲಾರಿ ನದಿಗೆ ಬೀಳುತ್ತಿರುವ ಚಿತ್ರ ಬಂದರೆ ಹಿಗ್ಗಿಸಿ ನೋಡುವ ಅಗತ್ಯವೂ ಇಲ್ಲ.

ನೆರಳನ್ನು ತಾಳ್ಮೆಯಿಂದ ನೋಡಬೇಕು. ನಮ್ಮ ಕಡಲು ಪಡುವಣಕ್ಕಿದೆ. ಸಂಜೆ ಕಾರವಾರದ ಟಾಗೋರ್ ಕಡಲತೀರದಲ್ಲಿ ನೀರಿಗೆ ಬೆನ್ನು ಹಾಕಿ ನಿಂತವರ ನೆರಳು ಕ್ಯಾಮೆರಾ ಕಡೆಗೆ ಚಾಚಿರಬೇಕು. ಕಪ್ಪಾದ ಮುಖವನ್ನು ಫೋನು ತಾನೇ ಬೆಳಗಿಸಬಹುದು, ನೆರಳನ್ನು ತಿರುಗಿಸಲಾರದು. ಅನುಮಾನವಿದ್ದರೆ ಕಂಬದ ತುದಿಯಿಂದ ಅದರ ನೆರಳಿನ ತುದಿಗೆ ಗೆರೆ ಎಳೆಯಿರಿ, ಇನ್ನೆರಡು ವಸ್ತುಗಳಿಗೂ ಹಾಗೆಯೇ. ಬಿಸಿಲಿನ ಚಿತ್ರದಲ್ಲಿ ಆ ಗೆರೆಗಳು ಮುಂದೆ ಒಂದೇ ಬಿಂದುವಿನಲ್ಲಿ ಕೂಡಬೇಕು, ಇಲ್ಲವೇ ಸಮಾನಾಂತರವಾಗಿರಬೇಕು. ಒಂದೇ ಗೆರೆ ಹೊರಗುಳಿದರೆ ಆ ವಸ್ತುವನ್ನು ಬೇರೆಡೆಯಿಂದ ತಂದು ಕೂಡಿಸಿರಬಹುದು. ಮಳೆಗಾಲದ ಮೋಡದಲ್ಲಿ ಈ ಪರೀಕ್ಷೆ ನಡೆಯದು.

ಎಐ ಬರೆದ ಚಿತ್ರವೆಂಬ ಅನುಮಾನವಿದ್ದರೆ ಬೋರ್ಡಿನ ಕನ್ನಡ ಹಿಗ್ಗಿಸಿ ನೋಡಿ. ಒತ್ತಕ್ಷರ ತನ್ನದಲ್ಲದ ಅಕ್ಷರಕ್ಕೆ ಜೋತುಬಿದ್ದಿರುತ್ತದೆ, ಕೊಂಬು ಅರ್ಧಕ್ಕೇ ಕರಗಿರುತ್ತದೆ. ಆದರೆ ಹೊಸ ಎಐಗಳು ಅಕ್ಷರ ಚೆನ್ನಾಗಿಯೇ ಬರೆಯುತ್ತವೆ. ಬರಹ ಸರಿಯಿದ್ದ ಮಾತ್ರಕ್ಕೆ ನಂಬಬೇಡಿ. ಬಸ್‌ಸ್ಟ್ಯಾಂಡಿನ ಚಿತ್ರ ಶಿರಸಿಯದು ಎನ್ನುತ್ತಾರೆ, ಆದರೆ ನಿಂತ ಬೈಕುಗಳಲ್ಲಿ ಒಂದಕ್ಕೂ ಶಿರಸಿಯ ನೋಂದಣಿಯಾದ ಕೆಎ 31 ಇಲ್ಲ ಎಂದರೆ ಮತ್ತೆ ವಿಚಾರಿಸಿ.

ಫೈಲಿನೊಳಗಿನ ದಿನಾಂಕ, ಜಾಗದ ಮಾಹಿತಿಯನ್ನು ವಾಟ್ಸ್‌ಆ್ಯಪ್ ಫೋಟೊ ಕಳಿಸುವಾಗಲೇ ಅಳಿಸುತ್ತದೆ. ಅದಿಲ್ಲದಿರುವುದು ಮೋಸದ ಗುರುತಲ್ಲ. ಕಳಿಸಿದವರನ್ನೇ ಕೇಳಿ: ‘ನೀವೇ ತೆಗೆದದ್ದಾ? ಹಾಗಾದರೆ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಅದರ ಹಿಂದೆ ಮುಂದೆ ತೆಗೆದ ಎರಡು ಫೋಟೊನೂ ಸೇರಿಸಿ.’